ಹಾರ್ಡ್ ಡಿಸ್ಕಿನ ಬಾಂದುಕಲ್ಲುಗಳು

೧೯೯೧ರ ಕೊನೆಯ ತಿಂಗಳುಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ಒಬ್ಬ ವಿದ್ಯಾರ್ಥಿ ತನ್ನ ಗಣಕಯಂತ್ರದ ಮುಂದೆ ಕುಳಿತು, ದೂರವಾಣಿಯ ತಂತಿಯ ಮೂಲಕ ಇನ್ನೊಂದು ಯಂತ್ರವನ್ನು ಕರೆಯಲು ಹವಣಿಸುತ್ತಿದ್ದ. ಕರೆಯುವ ಕೆಲಸವನ್ನು ಮಾಡತಕ್ಕದ್ದು ಮೋಡೆಮ್ ಎಂಬ ಉಪಕರಣ. ಅದಕ್ಕೆ ಕಳುಹಿಸಬೇಕಾಗಿದ್ದ ಆಜ್ಞೆಗಳನ್ನು ಆತ ಕೈತಪ್ಪಿನಿಂದ ಹಾರ್ಡ್ ಡಿಸ್ಕಿನ ಹೆಸರಿಗೆ ಕಳುಹಿಸಿಬಿಟ್ಟ. ಯೂನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳಲ್ಲಿ ಮೋಡೆಮೂ ಒಂದು ಕಡತ, ಡಿಸ್ಕಿನ ಒಂದೊಂದು ಭಾಗವೂ ಒಂದು ಕಡತ. ಅವುಗಳ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿ ಇರುತ್ತವೆ. ಯಂತ್ರಕ್ಕೆ ಅನುಮಾನ ಬರಲು ಕಾರಣವಿರಲಿಲ್ಲ. ಅದು ದೂರವಾಣಿಯ ಆಜ್ಞೆಗಳನ್ನು ವಿಧೇಯತೆಯಿಂದ ಡಿಸ್ಕಿನ ಮೇಲೆ ಬರೆಯಿತು. ಅಲ್ಲಿದ್ದ ಮಿನಿಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಳಾಯಿತು.

ಆ ವಿದ್ಯಾರ್ಥಿಯೇ ಲಿನಸ್ ಟೊರ್ವಾಲ್ಡ್ಸ್. ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ ಅವರು ತಾವೇ ಬರೆಯುತ್ತಿದ್ದ ಹೊಸ ವ್ಯವಸ್ಥೆಯಿತ್ತು. ಅದುವರೆಗೆ ಅದನ್ನು ಬೆಳೆಸುವುದಕ್ಕೆ ಮಿನಿಕ್ಸೇ ಆಸರೆಯಾಗಿತ್ತು. ಹೋದ ಮಿನಿಕ್ಸನ್ನು ಪುನಃ ಸ್ಥಾಪಿಸುವುದೋ, ಉಳಿದಿರುವ ಹೊಸತರಲ್ಲಿಯೇ ಮುಂದುವರಿಯುವುದೋ ಎಂಬ ಪ್ರಶ್ನೆ ಬಂದಾಗ ಅವರು ಎರಡನೆಯದನ್ನು ಆರಿಸಿಕೊಂಡರು. ಲಿನಕ್ಸ್ ತನ್ನ ಕಾಲಿನ ಮೇಲೆ ತಾನು ನಿಲ್ಲುವುದಕ್ಕೆ ಡಿಸ್ಕಿನ ಒಂದು ಭಾಗದ ನಾಶವೂ ಕಾರಣವಾಯಿತೆನ್ನಬಹುದು.

ಎಲ್ಲರ ತಪ್ಪೂ ಹೀಗೆ ಶುಭದಲ್ಲಿ ಮುಗಿಯುವುದಿಲ್ಲ. ಇಂದು ಲಿನಕ್ಸನ್ನು ಸ್ಥಾಪಿಸಲು ಹೊರಟವನನ್ನು ಯಂತ್ರವು ಹಲವು ಪ್ರಶ್ನೆಗಳನ್ನು ಕೇಳುತ್ತದೆ. ಭಾಷೆ ಯಾವುದು, ಊರು ಯಾವುದು, ಕೀಲಿಮಣೆಯ ವಿನ್ಯಾಸ ಯಾವುದು, ನಿಮ್ಮ ಹೆಸರೇನು? ಇವುಗಳಿಗೆ ತಪ್ಪು ಉತ್ತರ ಕೊಟ್ಟರೆ ನಾಳೆ ತಿದ್ದಿಕೊಳ್ಳಬಹುದು. ನಡುವೆ ಬರುವ ಒಂದು ಪ್ರಶ್ನೆ ಮಾತ್ರ ಬೇರೆ ಜಾತಿಯದು: ಡಿಸ್ಕಿನಲ್ಲಿ ಲಿನಕ್ಸಿಗೆ ಎಲ್ಲಿ, ಎಷ್ಟು ಜಾಗ? ಇದಕ್ಕೆ ತಪ್ಪು ಉತ್ತರ ಕೊಟ್ಟರೆ ಹಲವು ವರ್ಷಗಳ ಬರಹ, ಲೆಕ್ಕ, ಚಿತ್ರಗಳು ಅರೆನಿಮಿಷದಲ್ಲಿ ಹೋಗಬಹುದು. ಈ ಪ್ರಶ್ನೆಯನ್ನು ಸುಲಭಗೊಳಿಸಲು ಮೂರು ದಶಕಗಳಿಂದ ಪ್ರಯತ್ನ ನಡೆದಿದೆ. ಸುಲಭವಾಯಿತೇ ಎಂಬುದನ್ನು ವಿಚಾರಿಸುವ ಮೊದಲು ಡಿಸ್ಕನ್ನು ಹಂಚುವುದೆಂದರೇನೆಂದು ನೋಡೋಣ.

ಒಂದು ಊರಿನ ಜಮೀನನ್ನು ನೆನೆದುಕೊಳ್ಳಿರಿ. ನೆಲ ಒಂದೇ, ಅದರಲ್ಲಿ ಇಷ್ಟು ಇವರದು, ಅಷ್ಟು ಅವರದು ಎಂದು ತಿಳಿಸುವುದು ಬಾಂದುಕಲ್ಲು, ಮತ್ತು ಶಾನುಭೋಗರ ಪುಸ್ತಕದಲ್ಲಿರುವ ಒಂದು ಸಾಲು. ಹಾರ್ಡ್ ಡಿಸ್ಕಿನಲ್ಲಿಯೂ ಇಂತಹ ಒಂದು ಪುಸ್ತಕವುಂಟು. ೧೯೮೩ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಪಿ.ಸಿ. ಎಕ್ಸ್‌ಟಿ ಯಂತ್ರದಲ್ಲಿ ಹತ್ತು ಮೆಗಾಬೈಟುಗಳ ಹಾರ್ಡ್ ಡಿಸ್ಕನ್ನು ಕೂಡಿಸಿ ಮಾರಿತು. ಇಂದಿನ ಚರವಾಣಿಯ ಮೂರು ನಾಲ್ಕು ಛಾಯಾಚಿತ್ರಗಳಿಗೆ ಸಾಲುವಷ್ಟು ಜಾಗ. ಅದರೊಡನೆ ಬಂದ ಡಾಸ್ ಕಾರ್ಯವ್ಯವಸ್ಥೆಯ ೨.೦ ಆವೃತ್ತಿಯಲ್ಲಿ ಹಂಚಿಕೆಯ ಈ ಪದ್ಧತಿ ಮೊದಲಾಯಿತು. ಡಿಸ್ಕಿನ ಮೊಟ್ಟಮೊದಲ ತುಣುಕು ೫೧೨ ಬೈಟುಗಳದು. ಅದರಲ್ಲಿ ಮೊದಲ ೪೪೬ ಬೈಟುಗಳು ಯಂತ್ರವನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ ಮೀಸಲು. ಕೊನೆಯ ಎರಡು ಬೈಟುಗಳು ಮುದ್ರೆಯಂತೆ. ನಡುವೆ ಉಳಿಯುವುದು ೬೪ ಬೈಟುಗಳು. ಶಾನುಭೋಗರ ಪುಸ್ತಕವೆಲ್ಲ ಇಷ್ಟೇ! ಒಂದೊಂದು ಭಾಗಕ್ಕೆ ೧೬ ಬೈಟುಗಳ ಒಂದು ಸಾಲು. ಆದುದರಿಂದ ನಾಲ್ಕೇ ಭಾಗಗಳು. ನಾಲ್ಕಕ್ಕಿಂತ ಹೆಚ್ಚು ಬೇಕಾದಾಗ ಒಂದು ಭಾಗವನ್ನೇ ಒಳಗೆ ಮತ್ತೆ ಸೀಳುವ ಉಪಾಯವನ್ನು ಆಮೇಲೆ ಕಂಡುಕೊಂಡರು.

ಆ ಹದಿನಾರು ಬೈಟುಗಳಲ್ಲಿ ಏನಿದೆಯೆಂಬುದನ್ನು ಕೊಂಚ ಗಮನಿಸುವುದು ಒಳ್ಳೆಯದು. ಮುಂದೆ ಹೇಳುವ ಒಂದು ಅನಾಹುತಕ್ಕೆ ಇಲ್ಲಿಯೇ ಬೀಜವಿದೆ. ಒಂದು ಬೈಟು, ಯಂತ್ರವನ್ನು ಈ ಭಾಗದಿಂದ ಎಬ್ಬಿಸಬೇಕೇ ಎಂಬುದನ್ನು ಹೇಳುತ್ತದೆ. ಇನ್ನೊಂದು, ಅಲ್ಲಿರುವ ಕಡತವ್ಯವಸ್ಥೆಯ ಜಾತಿಯನ್ನು. ಉಳಿದ ಹದಿನಾಲ್ಕು ಬೈಟುಗಳು ಎಲ್ಲೆಯನ್ನು ಎರಡೆರಡು ಬಗೆಯಲ್ಲಿ ಹೇಳುತ್ತವೆ. ಆರು ಬೈಟುಗಳು ಹಳೆಯ ಕ್ರಮದಂತೆ, ಇಂತಿಷ್ಟನೆಯ ಉರುಳೆ, ಇಂತಿಷ್ಟನೆಯ ತಲೆ, ಇಂತಿಷ್ಟನೆಯ ತುಣುಕು ಎಂದು ಆದಿ ಅಂತ್ಯಗಳನ್ನು ಗುರುತಿಸುತ್ತವೆ. ಮಿಕ್ಕ ಎಂಟು ಬೈಟುಗಳು, ಮೊದಲಿನಿಂದ ಎಣಿಸಿದರೆ ಎಷ್ಟನೆಯ ತುಣುಕಿನಲ್ಲಿ ಆರಂಭ, ಒಟ್ಟು ಎಷ್ಟು ತುಣುಕುಗಳು ಎಂದು ನೇರವಾಗಿ ಹೇಳುತ್ತವೆ. ಈ ನೇರ ಎಣಿಕೆಗೆ ಇರುವುದು ನಾಲ್ಕು ನಾಲ್ಕು ಬೈಟುಗಳಾದುದರಿಂದ ಸುಮಾರು ೪೨೯ ಕೋಟಿ ತುಣುಕುಗಳನ್ನು ಮಾತ್ರ ಎಣಿಸಬಹುದು. ತುಣುಕಿಗೆ ೫೧೨ ಬೈಟುಗಳಂತೆ ಲೆಕ್ಕ ಹಾಕಿದರೆ ಎರಡು ಟೆರಾಬೈಟುಗಳಿಗೆ ಪುಸ್ತಕ ಮುಗಿಯಿತು. ಡಿಸ್ಕುಗಳು ಈ ಅಳತೆಯನ್ನು ಮೀರಿ ಬೆಳೆದುದರಿಂದ ಇಂದಿನ ಯಂತ್ರಗಳಲ್ಲಿ ಜಿ.ಪಿ.ಟಿ. ಎಂಬ ಹೊಸ ಪುಸ್ತಕ ಬಳಕೆಗೆ ಬಂದಿದೆ. ಅದರಲ್ಲಿ ಸಾಮಾನ್ಯವಾಗಿ ೧೨೮ ಸಾಲುಗಳಿಗೆ ಎಡೆಯುಂಟು. ಪುಸ್ತಕದ ಎರಡನೆಯ ಪ್ರತಿಯೊಂದು ಡಿಸ್ಕಿನ ಕೊನೆಯಲ್ಲಿ ಇರುತ್ತದೆ. ಬರಹ ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿಯೂ ಉಂಟು. ಅರವತ್ತನಾಲ್ಕು ಬೈಟುಗಳ ಒಂದೇ ಪ್ರತಿಯ ಮೇಲೆ ಲೋಕವೆಲ್ಲ ಅಷ್ಟು ವರ್ಷ ಹೇಗೆ ಭಾರ ಹಾಕಿತ್ತೆಂದು ಈಗ ಸೋಜಿಗವಾಗುತ್ತದೆ.

ಇನ್ನು, ಈ ತೊಡಕು ಲಿನಕ್ಸಿಗೇ ಏಕೆ ಅಂಟಿಕೊಂಡಿತು? ವಿಂಡೋಸನ್ನು ಬಹುಮಂದಿ ಸ್ಥಾಪಿಸುವುದೇ ಇಲ್ಲ. ಅದು ಅಂಗಡಿಯಿಂದ ಬರುವಾಗಲೇ ಯಂತ್ರದೊಳಗೆ ಮನೆ ಮಾಡಿರುತ್ತದೆ, ಇದ್ದ ನೆಲವನ್ನೆಲ್ಲ ಬೇಲಿ ಹಾಕಿಕೊಂಡಿರುತ್ತದೆ. ಲಿನಕ್ಸ್ ಹಿಂದಿನಿಂದ ಬರುವ ಅತಿಥಿ. ಮನೆಯವರನ್ನು ಎಬ್ಬಿಸದೆ, ಅವರ ಸಾಮಾನನ್ನು ಕದಲಿಸದೆ ಅದು ಹಾಸಿಗೆ ಹಾಸಿಕೊಳ್ಳಬೇಕು. ಲಿನಕ್ಸಿನ ಸ್ಥಾಪನೆ ಕಠಿನವೆಂದು ದೂರುವವರು ಈ ಅಸಮತೆಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಆದರೆ ಲಿನಕ್ಸಿನ ಕಡೆಯ ದೋಷವೂ ಇಲ್ಲದಿರಲಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಅದು ಅತಿಥಿಯಂತೆ ನಡೆದುಕೊಳ್ಳಲು ಕಲಿತಿರಲಿಲ್ಲ.

ಆರಂಭದಲ್ಲಿ ಲಿನಕ್ಸು ಎರಡು ಫ್ಲಾಪಿಗಳಲ್ಲಿ ದೊರೆಯುತ್ತಿತ್ತು. ಅದು ಹಾರ್ಡ್ ಡಿಸ್ಕಿನಿಂದಲೇ ಏಳಬೇಕೆಂದರೆ ಮೇಲೆ ಹೇಳಿದ ಮೊದಲ ತುಣುಕನ್ನು ತೆರೆದು, ಅದರ ಬೈಟುಗಳನ್ನು ಹದಿನಾರರ ಮಾನದ ಅಂಕಿಗಳಲ್ಲಿ ಕೈಯಿಂದಲೇ ತಿದ್ದಬೇಕಾಗಿತ್ತು. ೧೯೯೨ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಣನ ಕೇಂದ್ರದ ಓವೆನ್ ಲೆ ಬ್ಲಾಂಕ್ ಎಂಬವರು ಸ್ಥಾಪನೆಗೆ ಅನುಕೂಲವಾದ ಲಿನಕ್ಸಿನ ಒಂದು ಕಟ್ಟನ್ನು ಸಿದ್ಧಗೊಳಿಸಿದರು. ಲಿನಕ್ಸಿನ ಎಫ್‌ಡಿಸ್ಕ್ ಎಂಬ ಸಾಧನವನ್ನು ಬರೆದವರೂ ಅವರೇ. ಎಫ್‌ಡಿಸ್ಕ್ ಇಂದಿಗೂ ಬಳಕೆಯಲ್ಲಿದೆ. ಅದರ ಮುಖ ಬಹಳ ಗಡಸು: ಕಪ್ಪು ತೆರೆ, ಒಂದೊಂದು ಅಕ್ಷರದ ಆಜ್ಞೆ. ‘ಎನ್’ ಎಂದರೆ ಹೊಸ ಭಾಗ, ‘ಡಿ’ ಎಂದರೆ ಅಳಿಸು, ‘ಟಿ’ ಎಂದರೆ ಜಾತಿಯನ್ನು ಬದಲಿಸು. ಆಗಿನ ಅಳತೆ ಉರುಳೆಗಳಲ್ಲಿ. ಎಷ್ಟು ಉರುಳೆಗೆ ಎಷ್ಟು ಮೆಗಾಬೈಟು ಎಂಬ ಗುಣಾಕಾರ ನಿಮ್ಮ ಪಾಲಿನದು. ಮೇಲಾಗಿ, ಆ ಕಾಲದ ಯಂತ್ರಗಳ ಮೂಲ ತಂತ್ರಾಂಶಕ್ಕೆ ೧,೦೨೪ ಉರುಳೆಗಳಿಂದಾಚೆಗೆ ಕಣ್ಣು ಕಾಣಿಸುತ್ತಿರಲಿಲ್ಲ. ಲಿನಕ್ಸಿನ ತಿರುಳು ಆ ಗೆರೆಯ ಈಚೆಗೇ ಇರಬೇಕು; ಇಲ್ಲವಾದರೆ ಎಲ್ಲ ಕೆಲಸವೂ ಸರಿಯಾಗಿ ಮುಗಿದ ಬಳಿಕ ಯಂತ್ರ ಮೇಲೇಳುವುದಿಲ್ಲ. ನಾನು ಮೊದಲ ಬಾರಿ ಲಿನಕ್ಸನ್ನು ಸ್ಥಾಪಿಸಿದಾಗ ಇದನ್ನು ಅರಿಯದೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಹೀಗಿದ್ದರೂ ಎಫ್‌ಡಿಸ್ಕಿನಲ್ಲಿ ಒಂದು ದೊಡ್ಡ ಗುಣವಿತ್ತು. ಅದನ್ನು ಹೊಗಳದೆ ಮುಂದಕ್ಕೆ ಹೋಗುವುದು ನ್ಯಾಯವಲ್ಲ. ನೀವು ಎಷ್ಟು ಗೆರೆ ಎಳೆದರೂ, ಎಷ್ಟು ಭಾಗಗಳನ್ನು ಅಳಿಸಿದರೂ, ಅದೆಲ್ಲ ಕರಡು ಮಾತ್ರ. ‘ಡಬ್ಲ್ಯು’ ಎಂದು ಒತ್ತುವ ತನಕ ಡಿಸ್ಕಿನ ಮೇಲೆ ಒಂದು ಬೈಟೂ ಬದಲಾಗದು. ಗಾಬರಿಯಾದರೆ ‘ಕ್ಯೂ’ ಒತ್ತಿ ಎದ್ದುಹೋಗಬಹುದು. ಮುಖ ಗಡಸಾದರೂ ಮನಸ್ಸು ಮೃದು.

೧೯೯೦ರ ದಶಕದ ಕೊನೆಯ ವೇಳೆಗೆ ಚಿತ್ರಗಳುಳ್ಳ ಸ್ಥಾಪಕಗಳು ಬಂದವು. ರೆಡ್ ಹ್ಯಾಟ್‌ನವರದು ಡಿಸ್ಕ್ ಡ್ರೂಯಿಡ್, ಮ್ಯಾಂಡ್ರೇಕ್‌ನವರದು ಡಿಸ್ಕ್‌ಡ್ರೇಕ್. ೧೯೯೯ರಲ್ಲಿ ಕಾಲ್ಡೆರಾ ಸಂಸ್ಥೆಯ ಸ್ಥಾಪಕವಂತೂ ಕಡತಗಳ ನಕಲಾಗುವಷ್ಟು ಹೊತ್ತು ಬೇಸರ ಕಳೆಯಲೆಂದು ಟೆಟ್ರಿಸ್ ಆಟವನ್ನು ಆಡಿಸುತ್ತಿತ್ತು! ಉರುಳೆಗಳ ಬದಲು ಮೆಗಾಬೈಟುಗಳು, ಅಂಕಿಗಳ ಬದಲು ಬಣ್ಣದ ಪಟ್ಟಿಗಳು ಕಂಡುವು. ಆದರೆ ನಿಜವಾದ ಸಮಸ್ಯೆ ಗೆರೆ ಎಳೆಯುವುದರಲ್ಲಿ ಇರಲಿಲ್ಲ; ಎಳೆಯುವುದಕ್ಕೆ ಖಾಲಿ ನೆಲವೇ ಇಲ್ಲದಿರುವುದರಲ್ಲಿ ಇತ್ತು. ಡಿಸ್ಕನ್ನೆಲ್ಲ ತುಂಬಿದ ವಿಂಡೋಸಿನ ಬೇಲಿಯನ್ನು, ಒಳಗಿನ ಪೈರಿಗೆ ಧಕ್ಕೆಯಾಗದಂತೆ ಹಿಂದಕ್ಕೆ ಸರಿಸುವುದು ಹೇಗೆ?

ಈ ಕೆಲಸದ ಒಳಹೊಕ್ಕು ನೋಡಿರಿ. ಕಡತಗಳು ಡಿಸ್ಕಿನಲ್ಲಿ ಒಂದರ ಪಕ್ಕ ಒಂದು ಒತ್ತಾಗಿ ಕೂತಿರುವುದಿಲ್ಲ. ಊರಾಚೆಯ ಮನೆಗಳಂತೆ ಅಲ್ಲೊಂದು ಇಲ್ಲೊಂದು ಚೆದುರಿರುತ್ತವೆ. ನೂರು ಗಿಗಾಬೈಟುಗಳ ಭಾಗದಲ್ಲಿ ಮೂವತ್ತೇ ತುಂಬಿದ್ದರೂ ತೊಂಬತ್ತೆಂಟನೆಯ ಗಿಗಾಬೈಟಿನಲ್ಲಿ ಯಾವುದೋ ಒಂದು ಕಡತದ ಚೂರು ಕುಳಿತಿರಬಹುದು. ಹಾಗಾಗಿ ಮೊದಲು ಹೊಸ ಎಲ್ಲೆಯ ಆಚೆಗಿರುವ ಚೂರುಗಳನ್ನೆಲ್ಲ ಹುಡುಕಿ ಈಚೆಗೆ ನಕಲಿಸಬೇಕು. ಯಾವ ಕಡತದ ಯಾವ ಚೂರು ಎಲ್ಲಿದೆಯೆಂಬ ಕಡತವ್ಯವಸ್ಥೆಯ ಸ್ವಂತ ಭೂಪಟವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಕಡತವ್ಯವಸ್ಥೆಗೆ, ನಿನ್ನ ಅಳತೆ ಈಗ ಇಷ್ಟು ಎಂದು ತಿಳಿಸಬೇಕು. ಇಷ್ಟೆಲ್ಲ ಆದ ಮೇಲೆ ಶಾನುಭೋಗರ ಪುಸ್ತಕದಲ್ಲಿ ಎಲ್ಲೆಯನ್ನು ಬದಲಿಸಬೇಕು. ಈ ಕ್ರಮ ಹಿಂದುಮುಂದಾದರೆ, ಅಥವಾ ನಡುವೆ ವಿದ್ಯುತ್ತು ನಿಂತರೆ, ಆಚೆಗೆ ಉಳಿದ ಚೂರುಗಳು ಅನಾಥವಾಗುತ್ತವೆ. ೧೯೯೦ರ ದಶಕದಲ್ಲಿ ಬಳಕೆಯಲ್ಲಿದ್ದ ಫಿಪ್ಸ್ ಎಂಬ ಪುಟ್ಟ ಸಾಧನ ಈ ಸರಣಿಯ ಕೊನೆಯ ಹೆಜ್ಜೆಗಳನ್ನು ಮಾತ್ರ ಮಾಡುತ್ತಿತ್ತು. ಚೂರುಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಬಳಕೆದಾರ ಮೊದಲೇ ಬೇರೆ ಸಾಧನದಿಂದ ಮಾಡಿ ಮುಗಿಸಬೇಕಾಗಿತ್ತು. ಹೊಸ ವಿಂಡೋಸಿನ ಎನ್.ಟಿ.ಎಫ್.ಎಸ್. ಎಂಬ ಕಡತವ್ಯವಸ್ಥೆ ಬಂದಾಗ ತೊಡಕು ಇನ್ನೂ ಹೆಚ್ಚಿತು. ಅದರ ಒಳರಚನೆಯ ಪೂರ್ಣ ವಿವರವನ್ನು ಅದರ ನಿರ್ಮಾಪಕರು ಪ್ರಕಟಿಸಿರಲಿಲ್ಲ. ಹೊರಗಿನವರು ಬೈಟು ಬೈಟಾಗಿ ಪರೀಕ್ಷಿಸಿ ಅದನ್ನು ಅರಿತುಕೊಳ್ಳಬೇಕಾಯಿತು. ೨೦೦೨ರ ಸುಮಾರಿಗೆ ಅದನ್ನೂ ಕುಗ್ಗಿಸುವ ಸಾಧನ ಲಿನಕ್ಸಿನಲ್ಲಿ ಸಿದ್ಧವಾಯಿತು.

ಈ ಸಾಧನೆಯ ಫಲವನ್ನು ಸಾಮಾನ್ಯರು ಕಂಡದ್ದು ಆಮೇಲೆ. ೨೦೦೬ರ ಜೂನಿನಲ್ಲಿ ಉಬುಂಟು ತನ್ನ ೬.೦೬ ಆವೃತ್ತಿಯಲ್ಲಿ ಚಿತ್ರಮಯ ಸ್ಥಾಪಕವನ್ನು ತಂದಿತು. ಮುಂದಿನ ಆವೃತ್ತಿಗಳಲ್ಲಿ ಅದು ಇನ್ನಷ್ಟು ನಯವಾಗಿ, ‘ಇರುವ ವ್ಯವಸ್ಥೆಯ ಪಕ್ಕದಲ್ಲಿ ಸ್ಥಾಪಿಸು’ ಎಂಬ ಒಂದು ಆಯ್ಕೆ, ಎರಡು ಬಣ್ಣಗಳ ಒಂದು ಪಟ್ಟಿ, ನಡುವೆ ಎಳೆಯಬಹುದಾದ ಒಂದು ಹಿಡಿಕೆ, ಇಷ್ಟರಲ್ಲಿಯೇ ಕೆಲಸವೆಲ್ಲ ಮುಗಿಯತೊಡಗಿತು. ಹತ್ತು ವರ್ಷಗಳ ಶ್ರಮ ಆ ಒಂದು ಹಿಡಿಕೆಯ ಹಿಂದೆ ಅಡಗಿದೆ.

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲವೆನ್ನುವುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ೨೦೦೪ರದು. ಆ ವರ್ಷದ ಮೇ ತಿಂಗಳಿನಲ್ಲಿ ಫೆಡೋರ ಕೋರ್ ೨ ಹೊರಬಂದಿತು. ವಿಂಡೋಸಿನ ಪಕ್ಕದಲ್ಲಿ ಅದನ್ನು ಸ್ಥಾಪಿಸಿಕೊಂಡ ಹಲವರ ಯಂತ್ರಗಳಲ್ಲಿ ವಿಂಡೋಸ್ ಏಳಲೇ ಇಲ್ಲ. ಅವರು ಯಾವ ತಪ್ಪು ಗುಂಡಿಯನ್ನೂ ಒತ್ತಿರಲಿಲ್ಲ. ಆದುದೇನೆಂದರೆ, ಲಿನಕ್ಸಿನ ೨.೬ನೆಯ ತಿರುಳು ಡಿಸ್ಕಿನ ಉರುಳೆ-ತಲೆಗಳ ಲೆಕ್ಕವನ್ನು ಯಂತ್ರದ ಮೂಲ ತಂತ್ರಾಂಶದಿಂದ ಕೇಳಿ ತಿಳಿಯುವ ಹಳೆಯ ವಾಡಿಕೆಯನ್ನು ಬಿಟ್ಟಿತ್ತು. ಹಂಚಿಕೆಯ ಸಾಧನ ಪುಸ್ತಕವನ್ನು ಬರೆಯುವಾಗ ನೇರ ಎಣಿಕೆಯನ್ನು ಸರಿಯಾಗಿಯೇ ಬರೆದು, ಉರುಳೆಗಳ ಆರು ಬೈಟುಗಳಲ್ಲಿ ತನಗೆ ತೋರಿದ ಬೇರೆ ಅಂಕಿಗಳನ್ನು ಬರೆಯಿತು. ಲಿನಕ್ಸ್ ಆ ಆರು ಬೈಟುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ವಿಂಡೋಸನ್ನು ಎಬ್ಬಿಸುವ ಕ್ರಮವಿಧಿ ಅವುಗಳನ್ನೇ ನೆಚ್ಚಿಕೊಂಡಿತ್ತು. ಪೈರು ಹೊಲದಲ್ಲಿ ಹಾಗೆಯೇ ನಿಂತಿತ್ತು. ಕೆಟ್ಟದ್ದು ಪುಸ್ತಕದ ಸಾಲು. ಸರಿಯಾದ ಅಂಕಿಗಳನ್ನು ಮರಳಿ ಬರೆದರೆ ಎಲ್ಲವೂ ನೆಟ್ಟಗಾಗುತ್ತಿತ್ತು. ಆದರೆ ಇದನ್ನು ಅರಿಯದೆ, ಎಲ್ಲ ಹೋಯಿತೆಂದು ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಂಡವನು ತನ್ನ ಕಡತಗಳನ್ನು ತಾನೇ ಕಳೆದುಕೊಂಡಂತಾಯಿತು.

ಎರಡನೆಯದು ನನ್ನ ನೆರೆಮನೆಯಲ್ಲಿಯೇ ನಡೆದದ್ದು. ಕಾಲೇಜಿನಲ್ಲಿ ಓದುವ ಹುಡುಗಿ ರಜೆಯಲ್ಲಿ ತನ್ನ ಯಂತ್ರಕ್ಕೆ ಲಿನಕ್ಸನ್ನು ಹಾಕಲು ಹೊರಟಳು. ಬುದ್ಧಿವಂತೆ, ಮೊದಲೇ ತನ್ನ ಕಡತಗಳನ್ನೆಲ್ಲ ‘ಡಿ’ ಭಾಗಕ್ಕೆ ಸಾಗಿಸಿಟ್ಟಿದ್ದಳು. ತೆರೆಯ ಮೇಲೆ ‘ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬ ಆಯ್ಕೆ ಕಂಡಿತು. ಅಳಿಸುವುದು ‘ಸಿ’ಯನ್ನು ತಾನೇ, ‘ಡಿ’ ಉಳಿಯುತ್ತದೆಯೆಂದುಕೊಂಡು ಒತ್ತಿದಳು. ಈ ತಪ್ಪಿನ ಮೂಲವನ್ನು ಯೋಚಿಸಿ ನೋಡಿರಿ. ವಿಂಡೋಸ್ ಒಂದೇ ಡಿಸ್ಕಿನ ಭಾಗಗಳನ್ನು ‘ಲೋಕಲ್ ಡಿಸ್ಕ್ ಸಿ’, ‘ಲೋಕಲ್ ಡಿಸ್ಕ್ ಡಿ’ ಎಂದು ಕರೆಯುತ್ತದೆ. ವರ್ಷಗಟ್ಟಲೆ ಅದನ್ನು ನೋಡಿದವರಿಗೆ ಡಿಸ್ಕ್ ಎಂದರೆ ಭಾಗ. ಲಿನಕ್ಸಿನ ಸ್ಥಾಪಕದ ಬಾಯಲ್ಲಿ ಡಿಸ್ಕ್ ಎಂದರೆ ಇಡೀ ಡಿಸ್ಕು. ‘ಎಸ್‌ಡಿಎ’ ಎಂಬುದು ಇಡೀ ಹೊಲ, ‘ಎಸ್‌ಡಿಎ೧’, ‘ಎಸ್‌ಡಿಎ೨’ ಎಂಬುವು ಅದರ ತಾಕುಗಳು ಎಂದು ಬಲ್ಲವರಿಗೆ ಈ ವಾಕ್ಯದಲ್ಲಿ ಸಂದಿಗ್ಧವಿಲ್ಲ. ಅವಳಿಗೆ ಅದು ನೇರವಾಗಿ ಬೇರೆ ಅರ್ಥವನ್ನೇ ಕೊಟ್ಟಿತು. ವಾಕ್ಯವನ್ನು ಬರೆದವನೂ ಸುಳ್ಳು ಹೇಳಲಿಲ್ಲ, ಓದಿದವಳೂ ಅಜಾಗರೂಕಳಾಗಿರಲಿಲ್ಲ.

ಅವಳದು ತಿರುಗುವ ತಟ್ಟೆಯ ಹಳೆಯ ಡಿಸ್ಕು. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನವೊಂದುಂಟು. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದದ್ದು. ಅದು ಪುಸ್ತಕವನ್ನು ನಂಬದೆ ಹೊಲವನ್ನೇ ನಡೆದು ನೋಡುತ್ತದೆ. ಕಡತವ್ಯವಸ್ಥೆಗಳ ಆರಂಭದಲ್ಲಿರುವ ಗುರುತುಗಳನ್ನು ಹುಡುಕಿ, ಹಳೆಯ ಬಾಂದುಕಲ್ಲುಗಳಿದ್ದ ಜಾಗವನ್ನು ಊಹಿಸುತ್ತದೆ. ಒಂದು ಸಂಜೆಯೆಲ್ಲ ಕಾದ ಮೇಲೆ ‘ಡಿ’ ಭಾಗದ ಗುರುತು ಸಿಕ್ಕಿತು. ಹೊಸ ಬರಹದ ಕೆಳಗೆ ಸಿಕ್ಕಿ ಕೆಲವು ಕಡತಗಳು ಕೆಟ್ಟಿದ್ದವು, ಬಹುಪಾಲು ಉಳಿದಿದ್ದವು. ಈ ಮಾತನ್ನು ಧೈರ್ಯಕ್ಕೆಂದು ಹೇಳುತ್ತಿಲ್ಲ. ಇಂದಿನ ಯಂತ್ರಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್.ಎಸ್.ಡಿ. ಎಂಬ ಅರೆವಾಹಕದ ಸಂಗ್ರಾಹಕವಿರುತ್ತದೆ. ಅದರಲ್ಲಿ ಹೊಸ ಕಡತವ್ಯವಸ್ಥೆಯನ್ನು ನಿರ್ಮಿಸುವಾಗ ಲಿನಕ್ಸಿನ ಸಾಧನವು ಸಾಮಾನ್ಯವಾಗಿ, ಈ ಜಾಗದಲ್ಲಿರುವುದೆಲ್ಲ ಬೇಡವೆಂದು ಸಂಗ್ರಾಹಕಕ್ಕೆ ತಿಳಿಸುತ್ತದೆ. ಅದು ತನ್ನ ಬಿಡುವಿನಲ್ಲಿ ಆ ಕೋಶಗಳನ್ನು ನಿಜವಾಗಿಯೇ ಬರಿದುಮಾಡುತ್ತದೆ. ಪುಸ್ತಕದೊಡನೆ ಪೈರೂ ಹೋಯಿತು. ಅವಳು ಅದೇ ಗುಂಡಿಯನ್ನು ಎಸ್.ಎಸ್.ಡಿ. ಇರುವ ಯಂತ್ರದಲ್ಲಿ ಒತ್ತಿದ್ದರೆ ನಾವು ಆ ಸಂಜೆ ಕಾಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಎಷ್ಟು ಜಾಗ ಬೇಕು, ಯಾವ ಕಡತವ್ಯವಸ್ಥೆ ಒಳ್ಳೆಯದು, ಎಲ್ಲೆ ಎಲ್ಲಿ ಬಿದ್ದರೆ ವೇಗ ಹೆಚ್ಚು ಎಂಬುದನ್ನೆಲ್ಲ ಯಂತ್ರ ನಮಗಿಂತ ಚೆನ್ನಾಗಿ ಲೆಕ್ಕಹಾಕಬಲ್ಲದು; ಅವನ್ನು ನಮ್ಮನ್ನು ಕೇಳುವ ಅಗತ್ಯವಿಲ್ಲ. ಈ ಡಿಸ್ಕಿನಲ್ಲಿ ನಮಗೆ ಬೆಲೆಯುಳ್ಳದ್ದು ಯಾವುದು ಎಂಬುದನ್ನು ಮಾತ್ರ ಅದು ಅರಿಯಲಾರದು. ಆದುದರಿಂದ ಸ್ಥಾಪಕವು ಎಷ್ಟು ಕಡಮೆ ಪ್ರಶ್ನೆಗಳನ್ನು ಕೇಳುತ್ತದೆಂಬುದರಿಂದ ಅದರ ಸೌಜನ್ಯವನ್ನು ಅಳೆಯಬಾರದು. ಈಗ ಹೀಗಿದೆ, ಆಮೇಲೆ ಹೀಗಾಗುತ್ತದೆ ಎಂದು ಮುಂಚಿತವಾಗಿ ಕಾಣಿಸುತ್ತದೆಯೇ ಎಂಬುದರಿಂದ ಅಳೆಯಬೇಕು. ೨೦೧೩ರ ಜನವರಿಯಲ್ಲಿ ಬಂದ ೧೮ನೆಯ ಫೆಡೋರದ ಕಥೆ ಇದಕ್ಕೆ ಸಾಕ್ಷಿ. ಸ್ಥಾಪಕವನ್ನು ಹೊಸದಾಗಿ ಬರೆದುದರಿಂದ ಆ ಆವೃತ್ತಿಯೇ ಎರಡು ತಿಂಗಳು ತಡವಾಯಿತು. ಡಿಸ್ಕಿನ ಭಾಗಗಳ ಪಟ್ಟಿಯನ್ನು ಹಿನ್ನೆಲೆಗೆ ಸರಿಸಿ, ಯಾವ ಕೆಲಸಕ್ಕೆ ಜಾಗ ಬೇಕೆಂಬುದನ್ನು ಮುಂದಿಟ್ಟ ಅದರ ತತ್ತ್ವ ತಪ್ಪಲ್ಲ. ಆದರೆ ತಮ್ಮ ಡಿಸ್ಕಿಗೆ ಏನಾಗುತ್ತಿದೆಯೆಂದು ಪಳಗಿದವರಿಗೇ ತಿಳಿಯದಾಯಿತು, ದೂರುಗಳು ಬಹಳವಾದವು. ೨೦೧೭ರಲ್ಲಿ ೨೬ನೆಯ ಆವೃತ್ತಿಯ ಸ್ಥಾಪಕದಲ್ಲಿ, ಬಣ್ಣದ ಪಟ್ಟಿಗಳ ಹಳೆಯ ಬಗೆಯ ಸಾಧನವನ್ನೂ ಮತ್ತೊಂದು ಆಯ್ಕೆಯಾಗಿ ಸೇರಿಸಿದರು.

ಈ ದೃಷ್ಟಿಯಿಂದ ನನಗೆ ಹಿಡಿಸಿದವು ಎರಡು. ಮಂಜಾರೋ ಮೊದಲಾದ ಹಲವು ವಿತರಣೆಗಳು ಬಳಸುವ ಕಲಮಾರೆಸ್ ಎಂಬ ಸ್ಥಾಪಕ ‘ಈಗ’ ಮತ್ತು ‘ಆಮೇಲೆ’ ಎಂಬ ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ತೋರಿಸುತ್ತದೆ. ‘ಈಗ’ದಲ್ಲಿದ್ದ ಬಣ್ಣ ‘ಆಮೇಲೆ’ಯಲ್ಲಿ ಮಾಯವಾದರೆ ಭಾಷೆಯೇ ತಿಳಿಯದವನಿಗೂ ಸಂಗತಿ ತಿಳಿಯುತ್ತದೆ. ಡೆಬಿಯನ್‌ನ ಸ್ಥಾಪಕ ನೋಡಲು ಅಷ್ಟೇನೂ ಸುಂದರವಲ್ಲ; ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟೆಂಬುದು ನಮಗೆ ಸಂತೋಷದ ವಿಷಯ. ಎಲ್ಲ ಮುಗಿದ ಮೇಲೆ ಅದು, ಇಂತಿಂತಹ ಭಾಗಗಳು ಅಳಿಯುತ್ತವೆ, ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂದು ಕೊನೆಯ ಬಾರಿ ಕೇಳುತ್ತದೆ. ಸುಮ್ಮನೆ ಕೀಲಿಯನ್ನು ಒತ್ತುತ್ತ ಹೋಗುವವನಿಗೆ ಅಲ್ಲಿ ಸಿಗುವ ಉತ್ತರ ‘ಬೇಡ’ ಎಂಬುದು. ಎಫ್‌ಡಿಸ್ಕಿನ ಹಳೆಯ ‘ಡಬ್ಲ್ಯು’ ಅಕ್ಷರದ ಸದ್ಗುಣ ಇಲ್ಲಿ ಉಳಿದುಬಂದಿದೆ.

ಈಚೆಗೆ ಕೇಳಬೇಕಾದ ಪ್ರಶ್ನೆಗಳೇ ಕಡಮೆಯಾಗುತ್ತಿವೆ. ನೆನಪಿನ ಕೋಶಕ್ಕೆ ನೆರವಾಗಲು ಸ್ವಾಪ್ ಎಂಬ ಪ್ರತ್ಯೇಕ ಭಾಗವನ್ನು, ಅದೂ ಕೋಶದ ಎರಡರಷ್ಟು ಅಳತೆಯಲ್ಲಿ, ಮಾಡಬೇಕೆಂದು ಹಿಂದೆ ಉಪದೇಶಿಸುತ್ತಿದ್ದರು. ೨೦೧೭ರ ಏಪ್ರಿಲ್ಲಿನಿಂದ ಉಬುಂಟು ಅದರ ಬದಲು ಒಂದು ಕಡತವನ್ನೇ ಬಳಸತೊಡಗಿತು. ೨೦೨೦ರ ಅಕ್ಟೋಬರಿನಲ್ಲಿ ಫೆಡೋರ ತನ್ನ ಮೇಜಿನ ಆವೃತ್ತಿಗಳಿಗೆ ಆರಿಸಿಕೊಂಡ ಬಿಟಿಆರ್‌ಎಫ್‌ಎಸ್ ಕಡತವ್ಯವಸ್ಥೆಯಲ್ಲಿ ಕಾರ್ಯವ್ಯವಸ್ಥೆಗೂ ಬಳಕೆದಾರನ ಕಡತಗಳಿಗೂ ನಡುವೆ ಗೋಡೆಯಿಲ್ಲ. ಇಬ್ಬರೂ ಒಂದೇ ಕಣಜದಿಂದ ಬೇಕಾದಷ್ಟು ಅಳೆದುಕೊಳ್ಳುತ್ತಾರೆ. ಇನ್ನೊಂದು ಕಡೆ ಹೊಸ ತೊಡಕುಗಳೂ ಹುಟ್ಟಿವೆ. ಈಗಿನ ಅನೇಕ ಯಂತ್ರಗಳಲ್ಲಿ ವಿಂಡೋಸಿನ ಭಾಗ ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಮುಚ್ಚಿರುತ್ತದೆ. ಲಿನಕ್ಸಿನ ಸ್ಥಾಪಕ ಅದರೊಳಗಿನ ಚೂರುಗಳನ್ನು ಕಾಣಲಾರದ್ದರಿಂದ ಕುಗ್ಗಿಸಲಾರದು. ವಿಂಡೋಸಿನದೇ ಸಾಧನದಿಂದ ಮೊದಲು ಜಾಗ ಬಿಡಿಸಿಕೊಂಡು ಬರಬೇಕು. ಬಿಟ್‌ಲಾಕರಿನ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು. ಯಂತ್ರವನ್ನು ಎಬ್ಬಿಸುವ ಕಡತಗಳಿಗಾಗಿ ಮೀಸಲಾದ, ಸಾಮಾನ್ಯವಾಗಿ ನೂರು ಮೆಗಾಬೈಟುಗಳ ಸುಮಾರಿನ ಒಂದು ಪುಟ್ಟ ಭಾಗವಿರುತ್ತದೆ. ಇಷ್ಟು ಚಿಕ್ಕದು ಏತಕ್ಕೆಂದು ಅದನ್ನು ಅಳಿಸಿದವರು ವಿಂಡೋಸನ್ನು ಎಬ್ಬಿಸಲಾರದೆ ಪರದಾಡಿದ್ದಾರೆ. ಲಿನಕ್ಸೂ ಅದನ್ನೇ ಹಂಚಿಕೊಂಡು ಬಳಸಬಲ್ಲದು.

ಪ್ರಯೋಗ ಮಾಡಿ ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ಅಪಾಯವಿಲ್ಲದ ದಾರಿಯೊಂದಿದೆ. ವರ್ಚುವಲ್‌ಬಾಕ್ಸ್‌ನಂತಹ ಉಚಿತ ತಂತ್ರಾಂಶ ನಿಮ್ಮ ಯಂತ್ರದೊಳಗೆ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸುತ್ತದೆ. ಅದರ ಡಿಸ್ಕೆಂದರೆ ನಿಮ್ಮ ಡಿಸ್ಕಿನಲ್ಲಿರುವ ಒಂದು ಕಡತ ಮಾತ್ರ. ಇಪ್ಪತ್ತೈದು ಗಿಗಾಬೈಟುಗಳ ಇಂತಹ ಡಿಸ್ಕಿನಲ್ಲಿ ಲಿನಕ್ಸನ್ನು ಸ್ಥಾಪಿಸಿ, ಎರಡನೆಯ ಪುಟ್ಟ ಡಿಸ್ಕೊಂದನ್ನು ಸೇರಿಸಿಕೊಳ್ಳಿರಿ. ಅದರಲ್ಲಿ ಎಫ್‌ಡಿಸ್ಕಿನಿಂದ ಎರಡು ಭಾಗಗಳನ್ನು ಮಾಡಿ ಕೆಲವು ಕಡತಗಳನ್ನು ತುಂಬಿ, ಬಳಿಕ ‘ಡಿ’ ಒತ್ತಿ ಅಳಿಸಿ, ‘ಡಬ್ಲ್ಯು’ ಒತ್ತಿ ಬರೆಯಿರಿ. ಕಡತಗಳು ಕಾಣದಾಗುತ್ತವೆ. ಆಮೇಲೆ ಟೆಸ್ಟ್‌ಡಿಸ್ಕನ್ನು ನಡೆಸಿ, ಅದು ಅವೇ ಎಲ್ಲೆಗಳನ್ನು, ಅದೇ ತುಣುಕಿನ ಸಂಖ್ಯೆಗಳೊಡನೆ, ಹುಡುಕಿ ತರುವುದನ್ನು ನೋಡಿರಿ.